‘ಸರ್ವಾನುಮತ’ದ ಹಿಂದಿನ ಮೌನ

(ಶತಮಾನೋತ್ಸವದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣ)



ನಮ್ಮ ಧರ್ಮಕೇಂದ್ರದ ನೂರು ವರ್ಷಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಶತಮಾನೋತ್ಸವ ಸಮಿತಿಯವರು ನನಗೆ ಅಪ್ಪಣೆಯಿತ್ತಿದ್ದರು. ಆ ಸಲುವಾಗಿ ಗುರುನಿವಾಸದ ಬೀರುವಿನಲ್ಲಿದ್ದ ಹಳೆಯ ನಡಾವಳಿ ಪುಸ್ತಕಗಳನ್ನು ಕೇಳಿ ಪಡೆದು, ಹದಿನೈದು ದಿನಗಳ ಕಾಲ ಕುಳಿತು ಓದಿದೆ. ಗೆದ್ದಲು ತಿಂದ ಪುಟಗಳನ್ನು ಬಿಟ್ಟರೆ ಉಳಿದುದೆಲ್ಲ ಚೆನ್ನಾಗಿಯೇ ಇದೆ. ಆದರೆ ಓದುತ್ತಾ ಹೋದಂತೆ ಒಂದು ವಾಕ್ಯವು ನನ್ನನ್ನು ಕಾಡತೊಡಗಿತು. ಬಾವಿ ತೋಡಿಸಿದ್ದು, ಹಂಚು ಬದಲಾಯಿಸಿದ್ದು, ಶಾಲೆಗೆ ಕೊಠಡಿ ಕಟ್ಟಿಸಿದ್ದು, ಸ್ಮಶಾನಕ್ಕೆ ಬೇಲಿ ಹಾಕಿಸಿದ್ದು, ಹೀಗೆ ಪ್ರತಿಯೊಂದು ನಿರ್ಣಯದ ಕೊನೆಯಲ್ಲಿಯೂ ಅದೇ ವಾಕ್ಯ: “ಸರ್ವಾನುಮತದಿಂದ ಅಂಗೀಕರಿಸಲಾಯಿತು.” ಇಷ್ಟು ವರ್ಷಗಳಲ್ಲಿ ಒಬ್ಬರಾದರೂ ‘ನನಗೆ ಇದು ಒಪ್ಪಿಗೆಯಿಲ್ಲ’ ಎಂದ ದಾಖಲೆ ನನ್ನ ಕಣ್ಣಿಗೆ ಬೀಳಲಿಲ್ಲ. ನಾವು ಅಷ್ಟೊಂದು ಒಗ್ಗಟ್ಟಿನ ಜನರೇ? ನೀವೂ ನಗುತ್ತಿದ್ದೀರಿ, ಆದುದರಿಂದ ಉತ್ತರ ಹೇಳಬೇಕಾಗಿಲ್ಲ.

ಆ ವಾಕ್ಯಗಳಲ್ಲಿ ಕೆಲವು ನನ್ನ ಕೈಬರಹದವು. 1980ರ ದಶಕದಲ್ಲಿ ನಾನು ಸಮಿತಿಯ ಕಾರ್ಯದರ್ಶಿಯಾಗಿದ್ದೆ. ಗಂಟೆಗೋಪುರ ಕಟ್ಟಿಸುವ ವಿಚಾರ ಸಭೆಯ ಮುಂದೆ ಬಂದಾಗ, ಮನೆಯೊಂದಕ್ಕೆ ಇಂತಿಷ್ಟು ಎಂದು ಸಮನಾದ ವಂತಿಗೆ ಹಾಕಬೇಕೆಂದು ಹಿರಿಯರೊಬ್ಬರು ಸೂಚಿಸಿದರು. ತೋಟದ ಯಜಮಾನರಿಗೂ ಅಷ್ಟೇ, ತೋಟದಲ್ಲಿ ದಿನಗೂಲಿ ಮಾಡುವವರಿಗೂ ಅಷ್ಟೇ. ಕೂಲಿಯವರ ಪಾಲಿಗೆ ಅದು ಒಂದು ತಿಂಗಳ ದುಡಿಮೆಗೂ ಮಿಗಿಲಾದ ಮೊತ್ತ. ಇದು ನ್ಯಾಯವಲ್ಲವೆಂದು ನನಗೆ ಅನ್ನಿಸಿತು. ಆದರೆ ಸೂಚಿಸಿದವರು ಊರಿಗೆ ಬೇಕಾದವರು. ಅನುಮೋದಿಸಿದವರು ನನ್ನ ಅಕ್ಕನ ಮನೆಯ ಕಡೆಯ ಬೀಗರು. ಉಳಿದವರೆಲ್ಲ ತಲೆಯಾಡಿಸುತ್ತಿರುವಂತೆ ಕಂಡಿತು. ಯಾರೂ ಬಾಯಿಬಿಡಲಿಲ್ಲ. ನಾನೂ ಬಿಡಲಿಲ್ಲ. ಪೆನ್ನು ತೆಗೆದು ‘ಸರ್ವಾನುಮತದಿಂದ’ ಎಂದು ಬರೆದೆ.

ಸಭೆ ಮುಗಿದ ಮೇಲೆ ದೇವಾಲಯದ ಮೆಟ್ಟಿಲುಗಳನ್ನು ಇಳಿಯುವಾಗ ಒಬ್ಬರು ಹತ್ತಿರ ಬಂದು, “ಮೇಷ್ಟ್ರೇ, ಬಡವರಿಗೆ ಇದು ಭಾರವಾಗಲಿಲ್ಲವೇ?” ಎಂದರು. ಗೇಟಿನ ಬಳಿ ಇನ್ನೊಬ್ಬರು ಅದನ್ನೇ ಹೇಳಿದರು. ಮರುದಿನ ಪೇಟೆಯಲ್ಲಿ ಸಿಕ್ಕ ಮೂರನೆಯವರು, “ನೀವಾದರೂ ಹೇಳಬಹುದಾಗಿತ್ತು” ಎಂದು ನನ್ನ ಮೇಲೆಯೇ ಹಾಕಿದರು. ಅಂದರೆ ಒಂಬತ್ತು ಜನರ ಸಭೆಯಲ್ಲಿ ನನ್ನನ್ನೂ ಸೇರಿಸಿ ನಾಲ್ವರು ಆ ನಿರ್ಣಯಕ್ಕೆ ಮನಸ್ಸಿನಲ್ಲಿ ವಿರೋಧವಾಗಿದ್ದರು; ನಾಲ್ವರಲ್ಲಿ ಪ್ರತಿಯೊಬ್ಬರೂ ತಾನೊಬ್ಬನೇ ಎಂದು ಭಾವಿಸಿದ್ದರು. ಗೋಪುರವೇನೋ ಎದ್ದಿತು. ವಂತಿಗೆ ಬಾಕಿ ಇರುವವರ ಹೆಸರುಗಳನ್ನು ಒಂದು ಭಾನುವಾರ ಬಲಿಪೂಜೆಯ ನಂತರ ಓದಲಾಯಿತು. ಆ ಪಟ್ಟಿಯನ್ನು ಬರೆದುಕೊಟ್ಟವನೂ ನಾನೇ. ಪಟ್ಟಿಯಲ್ಲಿದ್ದ ಒಂದು ಕುಟುಂಬವು ಆಮೇಲೆ ನಮ್ಮ ದೇವಾಲಯದ ಮೆಟ್ಟಿಲು ಹತ್ತಲಿಲ್ಲ. ಇಂದು ನಾನು ಆಗಿನ ಗುರುಗಳನ್ನಾಗಲಿ ಹಿರಿಯರನ್ನಾಗಲಿ ದೂರಲು ಬಂದಿಲ್ಲ. ಅವರು ತಮಗೆ ಸರಿಯೆಂದು ತೋರಿದುದನ್ನು ಬಾಯಿಬಿಟ್ಟು ಹೇಳಿದರು. ಹೇಳದೆ ಉಳಿದವರು ಏಕೆ ಹೇಳಲಿಲ್ಲ ಎಂಬುದೇ ನನ್ನ ಪ್ರಶ್ನೆ. ಚರಿತ್ರೆಯ ವಿವರಗಳನ್ನು ಈ ಸಂಚಿಕೆಯಲ್ಲಿ ಬೇರೆಯವರು ಬರೆದಿರುವುದರಿಂದ, ಸಮಿತಿಯವರ ಕ್ಷಮೆ ಕೋರಿ, ಈ ಪ್ರಶ್ನೆಯನ್ನೇ ನನ್ನ ವಿಷಯವನ್ನಾಗಿ ಆರಿಸಿಕೊಂಡಿದ್ದೇನೆ.

‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಎಲ್ಲರ ನಾಲಗೆಯ ಮೇಲೂ ಇದೆ. ಧರ್ಮಸಭೆಯ ಹಳೆಯ ಕಾನೂನಿನಲ್ಲಿಯೂ ಇದೇ ಅರ್ಥದ ಸೂತ್ರವಿದೆ. 1298ರಲ್ಲಿ ಎಂಟನೆಯ ಬೋನಿಫಾಸ್ ಜಗದ್ಗುರುಗಳು ಹೊರಡಿಸಿದ ಕಾನೂನು ಸಂಗ್ರಹದ ಕೊನೆಯಲ್ಲಿ 88 ಸೂತ್ರಗಳಿವೆ. ಅವುಗಳಲ್ಲಿ 43ನೆಯದು, ಮೌನವಾಗಿರುವವನು ಒಪ್ಪಿದಂತೆ ಕಾಣುತ್ತಾನೆ ಎಂಬುದು. ಅದನ್ನು ಉದಾಹರಿಸುವವರು ಬಹಳ ಮಂದಿ. ಅದರ ಬೆನ್ನಿಗೇ ಇರುವ 44ನೆಯದನ್ನು ನೆನೆಯುವವರು ವಿರಳ: ಮೌನವಾಗಿರುವವನು ಒಪ್ಪಿಕೊಳ್ಳುವುದೂ ಇಲ್ಲ, ನಿರಾಕರಿಸಿದಂತೆಯೂ ಅಲ್ಲ. ಕಾನೂನು ಬರೆದವರಿಗೆ ಮನುಷ್ಯಸ್ವಭಾವದ ಪರಿಚಯ ಚೆನ್ನಾಗಿಯೇ ಇದ್ದಿತು. ನಾವು ನಡಾವಳಿ ಬರೆಯುವವರು ಮಾತ್ರ ಮೊದಲನೆಯ ಸೂತ್ರವನ್ನು ಓದಿ ಪುಸ್ತಕ ಮುಚ್ಚಿದೆವು.

ಸಂತ ಥಾಮಸ್ ಮೋರರು 1535ರಲ್ಲಿ ವಿಚಾರಣೆಗೆ ಗುರಿಯಾದಾಗ ಈ ಸೂತ್ರವನ್ನೇ ಆಶ್ರಯಿಸಿದರೆಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಬಹುದು. ರಾಜನ ವಿಷಯದಲ್ಲಿ ತಾವು ಮೌನವಾಗಿದ್ದುದನ್ನು ಕಾನೂನಿನ ಪ್ರಕಾರ ಸಮ್ಮತಿಯೆಂದೇ ಎಣಿಸಬೇಕಲ್ಲದೆ ದ್ರೋಹವೆಂದಲ್ಲ ಎಂದು ವಾದಿಸಿದರು. ಆದರೆ ಅವರ ಮೌನದ ಅರ್ಥ ಇಡೀ ಇಂಗ್ಲೆಂಡಿಗೆ ಗೊತ್ತಿತ್ತು. ಪದವಿಯನ್ನು ಬಿಟ್ಟು, ಆಸ್ತಿಯನ್ನು ಕಳೆದುಕೊಂಡು, ಸೆರೆಮನೆಯಲ್ಲಿ ಕುಳಿತು ತಾಳಿದ ಮೌನ ಅದು. ಮೆಟ್ಟಿಲಿಳಿದು ಮನೆಗೆ ಹೋಗಿ ಊಟ ಮಾಡಿ ಮಲಗಿದ ನನ್ನ ಮೌನವನ್ನು ಅದರ ಪಕ್ಕದಲ್ಲಿ ಇಡಲಾಗದು.

ಹಾಗಾದರೆ ನಮ್ಮಂಥವರ ಮೌನಕ್ಕೆ ಕಾರಣವೇನು? ಹೆದರಿಕೆ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದು ಸುಲಭ. ಕೆಲವರಿಗೆ ಅದು ನಿಜವಾದ ಹೆದರಿಕೆಯೇ. ತೋಟದ ರೈಟರು ಸಭೆಯಲ್ಲಿ ಕುಳಿತಿರುವಾಗ ಅದೇ ತೋಟದ ಆಳು ಎದ್ದು ಮಾತನಾಡಿದರೆ ನಾಳೆಯ ಕೂಲಿಯ ಪ್ರಶ್ನೆ ಬರುತ್ತದೆ. ಅಂಥವರ ಮೌನವನ್ನು ಹಳಿಯುವ ಹಕ್ಕು ಹೊಟ್ಟೆ ತುಂಬಿದವರಿಗೆ ಇಲ್ಲ. ಆದರೆ ನನಗೆ ಯಾರ ಭಯವಿತ್ತು? ನಾನು ಸಂಬಳದ ಮೇಷ್ಟ್ರು. ಸಭೆಯಲ್ಲಿದ್ದ ಯಾರೂ ನನ್ನ ಅನ್ನವನ್ನು ಕಸಿಯುವಂತಿರಲಿಲ್ಲ.

ಸೊಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞರು 1950ರ ದಶಕದಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಸರಳವಾದ ಪ್ರಯೋಗ ನಡೆಸಿದರು. ಒಂದು ಹಲಗೆಯ ಮೇಲೆ ಒಂದು ಗೆರೆ. ಇನ್ನೊಂದರ ಮೇಲೆ ಉದ್ದ ಗಿಡ್ಡವಾದ ಮೂರು ಗೆರೆ. ಮೊದಲನೆಯದಕ್ಕೆ ಸಮನಾದುದು ಯಾವುದೆಂದು ಎಲ್ಲರೂ ಸರದಿಯಂತೆ ಗಟ್ಟಿಯಾಗಿ ಹೇಳಬೇಕು. ಚಿಕ್ಕ ಮಗುವೂ ಹೇಳಬಹುದಾದ ಉತ್ತರ. ಆದರೆ ಕೊಠಡಿಯಲ್ಲಿದ್ದವರಲ್ಲಿ ಒಬ್ಬನನ್ನುಳಿದು ಮಿಕ್ಕವರೆಲ್ಲ ಮೊದಲೇ ಮಾತಾಡಿಕೊಂಡು ತಪ್ಪು ಉತ್ತರ ಹೇಳುವವರು. ಆ ಒಬ್ಬನ ಸರದಿ ಬಂದಾಗ ಅವನೇನು ಹೇಳುತ್ತಾನೆ? ಒಂಟಿಯಾಗಿ ಕುಳಿತು ಉತ್ತರಿಸಿದಾಗ ನೂರಕ್ಕೆ ಒಂದೂ ತಪ್ಪಾಗದ ಪ್ರಶ್ನೆಗೆ, ಗುಂಪಿನ ನಡುವೆ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಉತ್ತರಗಳು ಗುಂಪಿನ ತಪ್ಪನ್ನೇ ಹಿಡಿದುವು. ಕೊನೆಯವರೆಗೂ ಒಮ್ಮೆಯೂ ಮಣಿಯದವರು ಸುಮಾರು ಕಾಲು ಭಾಗ ಮಾತ್ರ. ಅಲ್ಲಿ ಯಾರೂ ಯಾರನ್ನೂ ಬೆದರಿಸಿರಲಿಲ್ಲ. ನಗುವವರೂ ಇರಲಿಲ್ಲ. ಎಲ್ಲರೂ ಒಂದು ಹೇಳುವಾಗ ತಾನೊಬ್ಬ ಬೇರೆ ಹೇಳುವುದು, ಅಷ್ಟೇ ಸಾಕಾಯಿತು.

ಆ ಪ್ರಯೋಗದ ಮುಂದಿನ ಭಾಗವೇ ನನಗೆ ಮುಖ್ಯವೆನಿಸುತ್ತದೆ. ಆಶ್ ಅವರು ಗುಂಪಿನೊಳಗೆ ನಿಜ ಹೇಳುವ ಇನ್ನೊಬ್ಬನನ್ನು ಕೂರಿಸಿದರು. ಒಬ್ಬನೇ ಒಬ್ಬ. ಒಡನೆಯೇ ತಪ್ಪುಗಳು ಮೊದಲಿನ ಕಾಲು ಭಾಗಕ್ಕೆ ಇಳಿದುವು. ಇನ್ನೂ ಸೋಜಿಗದ ಸಂಗತಿಯೆಂದರೆ, ಗುಂಪಿನಿಂದ ಬೇರೆಯಾದ ಆ ಒಬ್ಬನು ಗುಂಪಿಗಿಂತಲೂ ದೊಡ್ಡ ತಪ್ಪನ್ನು ಹೇಳಿದಾಗಲೂ ಪಕ್ಕದವನ ನಾಲಗೆ ಬಿಡುಗಡೆಯಾಯಿತು. ಅಂದರೆ ಬಾಯಿ ಕಟ್ಟುವುದು ಬಹುಮತವಲ್ಲ, ‘ಸರ್ವಾನುಮತ’. ಅದರಲ್ಲಿ ಒಂದು ಬಿರುಕು ಬಿದ್ದರೆ ಸಾಕು. ನಮ್ಮ ಸಭೆಗಳಲ್ಲಿ ಏನಾದರೊಂದು ತಕರಾರು ತೆಗೆಯುವ ಒಬ್ಬರು ಇದ್ದೇ ಇರುತ್ತಾರಲ್ಲವೇ? ಅವರಿಂದ ನಮಗೆಲ್ಲ ಬೇಸರ. ಅವರು ತಪ್ಪಾಗಿದ್ದಾಗಲೂ ಇನ್ನೊಬ್ಬ ನಾಚಿಕೆಯ ಮನುಷ್ಯನಿಗೆ ದಾರಿ ಮಾಡಿಕೊಡುತ್ತಿದ್ದಾರೆಂಬುದನ್ನು ನಾನು ಇಳಿವಯಸ್ಸಿನಲ್ಲಿ ಅರಿತೆ.

ಎರಡನೆಯ ಕಾರಣ, ನಾವು ಸುತ್ತಲಿನವರನ್ನು ತಪ್ಪಾಗಿ ಎಣಿಸುವುದು. ಜರ್ಮನಿಯಲ್ಲಿ ಜನಾಭಿಪ್ರಾಯದ ಸಮೀಕ್ಷೆ ನಡೆಸುತ್ತಿದ್ದ ಎಲಿಸಬೆತ್ ನೊಯೆಲ್-ನೊಯ್ಮನ್ ಎಂಬ ವಿದುಷಿ 1965ರ ಚುನಾವಣೆಯಲ್ಲಿ ಒಂದು ವಿಚಿತ್ರವನ್ನು ಕಂಡರು. ಯಾರಿಗೆ ಮತ ಹಾಕುತ್ತೀರಿ ಎಂದರೆ ಎರಡು ಪಕ್ಷಗಳೂ ತಿಂಗಳುಗಟ್ಟಲೆ ಸರಿಸಮ. ಯಾರು ಗೆಲ್ಲುವರು ಎಂದರೆ ಮಾತ್ರ ಒಂದೇ ಪಕ್ಷದ ಹೆಸರು ದಿನದಿನಕ್ಕೆ ಏರುತ್ತಾ ಹೋಯಿತು. ಕಡೆಯ ಗಳಿಗೆಯಲ್ಲಿ ಮತಗಳೂ ಅತ್ತಲೇ ಜಾರಿದವು. ತಮ್ಮ ಪಕ್ಷವೇ ಮೇಲೆಂದು ನಂಬಿದವರು ಗಟ್ಟಿಯಾಗಿ ಮಾತನಾಡಿದರು. ಸೋಲುತ್ತಿದ್ದೇವೆಂದು ಭಾವಿಸಿದವರು ಸುಮ್ಮನಾದರು. ಸುಮ್ಮನಾದುದರಿಂದಲೇ ಅವರ ಸಂಖ್ಯೆ ಇರುವುದಕ್ಕಿಂತ ಕಡಿಮೆಯಾಗಿ ಕಂಡಿತು. ಹಾಗೆ ಕಂಡುದರಿಂದ ಇನ್ನಷ್ಟು ಮಂದಿ ಸುಮ್ಮನಾದರು. 1974ರಲ್ಲಿ ಇದಕ್ಕೆ ಅವರು ‘ಮೌನದ ಸುರುಳಿ’ ಎಂಬ ಹೆಸರಿಟ್ಟರು. ಐದು ಗಂಟೆಗಳ ರೈಲು ಪ್ರಯಾಣದಲ್ಲಿ ಎದುರು ಕುಳಿತ ಅಪರಿಚಿತನು ನಿಮಗೆ ಒಪ್ಪಿಗೆಯಿಲ್ಲದ ಮಾತನ್ನಾಡಿದರೆ ನೀವು ಅವನೊಡನೆ ಮಾತಿಗಿಳಿಯುವಿರಾ, ಇಲ್ಲವಾ ಎಂಬುದು ಅವರು ಕೇಳುತ್ತಿದ್ದ ಪ್ರಶ್ನೆಗಳಲ್ಲೊಂದು. ಬೆಂಗಳೂರಿನ ರೈಲಿನಲ್ಲಿ ಕಿಟಕಿಯತ್ತ ಮುಖ ತಿರುಗಿಸಿ ಕುಳಿತ ಅನುಭವ ನನಗೂ ಉಂಟು. ಈ ವಿದುಷಿ ಯೌವನದಲ್ಲಿ ನಾಜಿಗಳ ಕಾಲದ ಪತ್ರಿಕೆಗಳಿಗೆ ಬರೆದವರೆಂಬ ಆಕ್ಷೇಪಣೆ ಅವರ ಮೇಲಿದೆ. ಸಿದ್ಧಾಂತವೂ ಎಲ್ಲೆಡೆ ಒಂದೇ ತೆರನಾಗಿ ರುಜುವಾತಾಗಿಲ್ಲ. ಆದರೂ ನಮ್ಮ ಒಂಬತ್ತು ಜನರ ಸಭೆಗೆ ಅದು ಸರಿಯಾಗಿ ಹೊಂದುತ್ತದೆ.

ಆಕೆ ತಮ್ಮ ಮಾತಿಗೆ ಆಧಾರವಾಗಿ ಹಿಡಿದವರಲ್ಲಿ ಫ್ರೆಂಚ್ ಲೇಖಕ ತೋಕ್ವಿಲ್ ಒಬ್ಬರು. 1856ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಅವರು ಫ್ರಾನ್ಸಿನಲ್ಲಿ ಮಹಾಕ್ರಾಂತಿಗೆ ಮುನ್ನ ಧರ್ಮಸಭೆ ಹೇಗೆ ಮೂಕವಾಯಿತೆಂಬುದನ್ನು ವಿವರಿಸಿದ್ದಾರೆ. ವಿಶ್ವಾಸ ಉಳಿದಿದ್ದವರು ಬಹಳ ಮಂದಿ ಇದ್ದರು. ಆದರೆ ತಾವು ಒಂಟಿಯಾಗುವೆವೆಂಬ ಭಯ ಅವರಿಗೆ ತಪ್ಪುದಾರಿಯ ಭಯಕ್ಕಿಂತ ಹೆಚ್ಚಾಯಿತು. ಹಾಗಾಗಿ ಗುಂಪಿನಂತೆ ಯೋಚಿಸದೆಯೇ ಗುಂಪಿನೊಡನೆ ಸೇರಿಕೊಂಡರು. ದೇಶದ ಒಂದು ಭಾಗದ ಭಾವನೆ ಎಲ್ಲರ ಭಾವನೆಯೆಂದು ತೋರಿತು. ಈ ನಾಡಿನಲ್ಲಿ ಅಲ್ಪಸಂಖ್ಯಾತರಾದ ನಮಗೆ ಈ ಸಂಗತಿ ಬೇಗನೆ ಅರ್ಥವಾಗುತ್ತದೆ. ಆದರೆ ಹೊರಗೆ ಅಲ್ಪಸಂಖ್ಯಾತರಾದವರು ತಮ್ಮೊಳಗಿನ ಅಲ್ಪಸಂಖ್ಯಾತರನ್ನು ಆಲಿಸುತ್ತಾರೆಂಬ ಭರವಸೆ ಏನೂ ಇಲ್ಲ.

ಶುಭಸಂದೇಶಕರ್ತ ಯೊವಾನ್ನರು ಇದನ್ನು ಎಷ್ಟು ಸ್ಪಷ್ಟವಾಗಿ ಕಂಡಿದ್ದರು! ಹನ್ನೆರಡನೆಯ ಅಧ್ಯಾಯದಲ್ಲಿ, ಅಧಿಕಾರಸ್ಥರಲ್ಲಿಯೂ ಅನೇಕರು ಯೇಸುವನ್ನು ನಂಬಿದ್ದರೆಂದೂ ಪ್ರಾರ್ಥನಾಮಂದಿರದಿಂದ ಬಹಿಷ್ಕೃತರಾಗುವ ಭಯದಿಂದ ಅದನ್ನು ಬಹಿರಂಗಪಡಿಸಲಿಲ್ಲವೆಂದೂ ಹೇಳುತ್ತಾರೆ. ‘ಅನೇಕರು’ ಎಂಬ ಮಾತನ್ನು ಗಮನಿಸಿ. ಏಳನೆಯ ಅಧ್ಯಾಯದಲ್ಲಿ ನಿಕೊದೇಮನು ಸಭೆಯಲ್ಲಿ ಎದ್ದು, ಒಬ್ಬನನ್ನು ವಿಚಾರಿಸದೆ ನಮ್ಮ ಧರ್ಮಶಾಸ್ತ್ರ ತೀರ್ಪು ಕೊಡುವುದುಂಟೇ ಎಂದು ಕೇಳುತ್ತಾನೆ. ಯೇಸುವಿನ ಪರವಾಗಿ ಅವನೇನೂ ವಾದಿಸುವುದಿಲ್ಲ. ಕೇಳಿದ್ದು ಕೇವಲ ಕ್ರಮದ ಪ್ರಶ್ನೆ. ಅದಕ್ಕೆ ಬಂದ ಉತ್ತರವೇನು? ನೀನೂ ಗಲಿಲೇಯದವನೋ ಎಂಬ ಮರುಪ್ರಶ್ನೆ. ಅವನ ಮಾತಿಗೆ ಉತ್ತರವಿಲ್ಲ. ನೀನು ಯಾರ ಕಡೆಯವನು ಎಂಬುದಷ್ಟೇ ಅವರ ಚಿಂತೆ. ನಮ್ಮ ಸಭೆಗಳಲ್ಲಿ ಇದನ್ನೇ ನಾವು ಬೇರೆ ಮಾತುಗಳಲ್ಲಿ ಎಷ್ಟು ಬಾರಿ ಕೇಳಿಲ್ಲ! “ನಿಮ್ಮನ್ನು ಯಾರು ಹೇಳಿಕೊಟ್ಟು ಕಳಿಸಿದರು?” ಎಂದು ಕೇಳಿಬಿಟ್ಟರೆ ಸಾಕು, ಆ ಮನುಷ್ಯ ಮುಂದಿನ ವರ್ಷದವರೆಗೆ ಬಾಯಿ ತೆರೆಯುವುದಿಲ್ಲ. ನಿಕೊದೇಮನೂ ಆಮೇಲೆ ಮಾತನಾಡಿದ್ದು ಕಾಣುವುದಿಲ್ಲ. ಎಲ್ಲವೂ ಮುಗಿದ ಮೇಲೆ ಮೂವತ್ತು ಕಿಲೋಗ್ರಾಂಗಳಷ್ಟು ಸುಗಂಧದ್ರವ್ಯವನ್ನು ಹೊರಿಸಿಕೊಂಡು ಸಮಾಧಿಗೆ ಬರುತ್ತಾನೆ. ಅಲ್ಲಿ ಅರಿಮತಾಯದ ಜೋಸೆಫನೂ ಇದ್ದಾನೆ. ಅದೇ ನ್ಯಾಯಸಭೆಯ ಸದಸ್ಯ, ಆ ತೀರ್ಮಾನಕ್ಕೆ ಒಪ್ಪದವನು, ಭಯದಿಂದ ಗುಪ್ತ ಶಿಷ್ಯನಾಗಿದ್ದವನು. ಒಂದೇ ಸಭೆಯ ಇಬ್ಬರು ಒಂದೇ ಅಭಿಪ್ರಾಯದವರು ಜೊತೆಗೂಡಿದ್ದು ಶವಸಂಸ್ಕಾರದಲ್ಲಿ.

ಇನ್ನು ನಮಗೆ ಹತ್ತಿರದ ಕಾಲದ ಒಂದು ಹಳ್ಳಿಯ ಕಥೆ. ಆಸ್ಟ್ರಿಯದ ಸಂತ ರಾಡೆಗುಂಡ್ ಎಂಬ ಪುಟ್ಟ ಊರು. ರೈತರು, ಹಸುಗಳು, ಒಂದು ದೇವಾಲಯ. 1938ರ ಏಪ್ರಿಲ್ 10ರಂದು, ಆಸ್ಟ್ರಿಯ ಹಿಟ್ಲರನ ಜರ್ಮನಿಯಲ್ಲಿ ಸೇರಿದ್ದಕ್ಕೆ ಒಪ್ಪಿಗೆಯೇ ಎಂದು ಜನಮತ ಕೇಳಲಾಯಿತು. ದೇಶದ ಒಟ್ಟು ಫಲಿತಾಂಶ 99.73 ಪ್ರತಿಶತ ‘ಹೌದು’. ದುಃಖದ ಸಂಗತಿಯೆಂದರೆ ಅಲ್ಲಿನ ಧರ್ಮಾಧ್ಯಕ್ಷರುಗಳೂ ಅದಕ್ಕೆ ಬೆಂಬಲ ಸೂಚಿಸಿ ಹೇಳಿಕೆಗೆ ಸಹಿ ಮಾಡಿದ್ದರು. ಸಂತ ರಾಡೆಗುಂಡಿನಲ್ಲಿ ಫ್ರಾಂಜ್ ಯೇಗರ್‌ಸ್ಟೆಟರ್ ಎಂಬ ರೈತರೊಬ್ಬರು ‘ಇಲ್ಲ’ ಎಂದು ಮತ ಹಾಕಿದರು. ಊರಿನಲ್ಲಿ ಬಿದ್ದ ಒಂದೇ ವಿರೋಧ ಮತ ಅದು. ಊರಿನ ಅಧಿಕಾರಿಗಳು ಅದನ್ನು ಮುಚ್ಚಿಟ್ಟು ನೂರಕ್ಕೆ ನೂರು ಒಪ್ಪಿಗೆಯೆಂದು ಮೇಲಕ್ಕೆ ವರದಿ ಕಳಿಸಿದರು. ಸರ್ವಾನುಮತದಿಂದ ಅಂಗೀಕರಿಸಲಾಯಿತು!

ಆ ಊರಿನಲ್ಲಿ ನಾಜಿಗಳನ್ನು ಒಲ್ಲದವರು ಅವರೊಬ್ಬರೇ ಆಗಿರಲಿಲ್ಲ. ಅಲ್ಲಿನ ಧರ್ಮಗುರುಗಳೇ 1940ರಲ್ಲಿ ತಮ್ಮ ಪ್ರಬೋಧನೆಗಾಗಿ ಬಂಧಿತರಾದರು. ಫ್ರಾಂಜರು ಆಮೇಲೆ ದೇವಾಲಯದ ಪರಿಚಾರಕರಾದರು. ಹಿಟ್ಲರನ ಯುದ್ಧದಲ್ಲಿ ಆಯುಧ ಹಿಡಿಯುವುದು ತಮ್ಮ ಮನಸ್ಸಾಕ್ಷಿಗೆ ವಿರುದ್ಧವೆಂದು ಅವರು ಹೇಳಿದಾಗ, ಬಂಧುಗಳು ಬೇಡವೆಂದರು; ಲಿಂಜ್‌ನ ಧರ್ಮಾಧ್ಯಕ್ಷರು ಕುಟುಂಬದ ಹೊಣೆಯನ್ನು ನೆನಪಿಸಿದರು. ಮೂವರು ಪುಟ್ಟ ಹೆಣ್ಣುಮಕ್ಕಳ ತಂದೆ ಅವರು. 1943ರ ಮಾರ್ಚ್‌ನಲ್ಲಿ ಸೇನೆಯ ಕೇಂದ್ರಕ್ಕೆ ಹೋಗಿ ತಮ್ಮ ನಿರಾಕರಣೆಯನ್ನು ತಿಳಿಸಿದರು. ಜುಲೈ 6ರಂದು ಮರಣದಂಡನೆ ವಿಧಿಸಲಾಯಿತು. ಥಾಮಸ್ ಮೋರರು ಪ್ರಾಣಕೊಟ್ಟದ್ದೂ ಜುಲೈ 6ರಂದೇ. ಆಗಸ್ಟ್ 9ರಂದು ಫ್ರಾಂಜರ ಶಿರಚ್ಛೇದವಾಯಿತು. ಆ ತೀರ್ಪನ್ನು ಬರ್ಲಿನ್ ನ್ಯಾಯಾಲಯ ರದ್ದುಗೊಳಿಸಲು 1997ರವರೆಗೆ ಕಾಯಬೇಕಾಯಿತು. 2007ರ ಅಕ್ಟೋಬರ್ 26ರಂದು ಲಿಂಜ್‌ನಲ್ಲಿ ಅವರಿಗೆ ಪುನೀತ ಪದವಿ ದೊರೆತಾಗ ಮಡದಿ ಫ್ರಾಂಜಿಸ್ಕಾ ತಮ್ಮ 94ನೆಯ ವಯಸ್ಸಿನಲ್ಲಿ ಅಲ್ಲಿದ್ದರು.

ಆಕೆಯ ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ಮೊದಮೊದಲು ಆಕೆಯೂ ಗಂಡನನ್ನು ತಡೆಯಲು ಯತ್ನಿಸಿದ್ದರು. ಎಲ್ಲರೂ ಅವರೊಡನೆ ವಾದಕ್ಕಿಳಿದುದನ್ನು ಕಂಡು ತಾವು ವಾದಿಸುವುದನ್ನು ನಿಲ್ಲಿಸಿದರು. ತಾವೂ ಜೊತೆಗೆ ನಿಲ್ಲದಿದ್ದರೆ ಅವರಿಗೆ ಯಾರೂ ಇರುತ್ತಿರಲಿಲ್ಲವೆಂದು ಮುಂದೆ ವಿವರಿಸಿದರು. ಅಮೆರಿಕದ ಆ ಕೊಠಡಿಯಲ್ಲಿ ನಿಜ ಹೇಳಲು ಕೂರಿಸಿದ ಒಬ್ಬನೇ ಒಬ್ಬ ಜೊತೆಗಾರನನ್ನು ನೆನೆದಾಗಲೆಲ್ಲ ನನಗೆ ಈ ತಾಯಿಯ ನೆನಪಾಗುತ್ತದೆ. ಯುದ್ಧ ಮುಗಿದ ಮೇಲೆ ಆಕೆಗೆ ವಿಧವಾ ವೇತನವನ್ನು ಮೊದಲು ನಿರಾಕರಿಸಲಾಗಿತ್ತು.

ಗಂಟೆಗೋಪುರದ ವಂತಿಗೆಗೂ ಹಿಟ್ಲರನ ಜನಮತಕ್ಕೂ ಏನು ಹೋಲಿಕೆ ಎಂದು ನೀವು ಕೇಳಬಹುದು. ಗಾತ್ರದಲ್ಲಿ ಇಲ್ಲ. ನಮ್ಮಲ್ಲಿ ಯಾರಿಗೂ ಫ್ರಾಂಜರಷ್ಟು ಧೈರ್ಯ ಬೇಕಾಗಿರಲಿಲ್ಲ. ಅದಕ್ಕಾಗಿಯೇ ನನ್ನ ನಾಚಿಕೆ ಹೆಚ್ಚು. ಇನ್ನೊಂದು ಮಾತು: ಒಂಟಿಯಾದ ಅಭಿಪ್ರಾಯವೆಲ್ಲ ಸತ್ಯವೆಂದು ನಾನು ಹೇಳುತ್ತಿಲ್ಲ. ಸಭೆಯಲ್ಲಿ ನಾನು ಬಾಯಿಬಿಟ್ಟಿದ್ದರೆ ಬಹುಶಃ ಹಿರಿಯರು ನನ್ನ ತಪ್ಪನ್ನೇ ತೋರಿಸುತ್ತಿದ್ದರು. ಹಾಗೆ ತೋರಿಸುವ ಅವಕಾಶವೂ ಅವರಿಗೆ ನನ್ನಿಂದ ತಪ್ಪಿತು.

ಧರ್ಮಸಭೆಗೆ ಈ ವಿವೇಕ ಹೊಸದಲ್ಲ. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟರು ತಮ್ಮ ಮಠದ ನಿಯಮಾವಳಿಯ ಮೂರನೆಯ ಅಧ್ಯಾಯದಲ್ಲಿ, ಮುಖ್ಯ ವಿಷಯವಿದ್ದಾಗ ಮಠಾಧಿಪತಿಯು ಎಲ್ಲ ಸಹೋದರರನ್ನೂ ಕರೆದು ಕೇಳಬೇಕೆಂದು ವಿಧಿಸಿದರು; ಉತ್ತಮವಾದುದನ್ನು ದೇವರು ಅನೇಕ ಸಲ ಕಿರಿಯನಿಗೇ ತಿಳಿಸುತ್ತಾರೆಂಬುದು ಅವರು ಕೊಟ್ಟ ಕಾರಣ. 1983ರ ಧರ್ಮಸಭಾ ಕಾನೂನಿನ 212ನೆಯ ನಿಯಮವು, ತಿಳಿವಳಿಕೆಗೆ ತಕ್ಕಂತೆ ತಮ್ಮ ಅಭಿಪ್ರಾಯವನ್ನು ಗುರುಗಳಿಗೆ ಅರಿಕೆ ಮಾಡುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯವೂ ಹೌದೆಂದು ಹೇಳುತ್ತದೆ. ಗುರುಗಳ ಬಗೆಗಿನ ಗೌರವವನ್ನು ಕಾಪಾಡಿಕೊಂಡೇ ಅದನ್ನು ಮಾಡಬೇಕೆಂಬುದೂ ಅಲ್ಲಿಯೇ ಇದೆ. 127ನೆಯ ನಿಯಮವು ಇನ್ನೂ ಬಿಗಿಯಾದುದು: ಯಾರ ಸಮ್ಮತಿ ಅಥವಾ ಸಲಹೆ ಅಗತ್ಯವೋ ಅವರೆಲ್ಲರೂ ಪ್ರಾಮಾಣಿಕವಾಗಿ ಅಭಿಪ್ರಾಯ ತಿಳಿಸಲು ಬದ್ಧರು.

ಆದರೆ ‘ಯಾರಿಗಾದರೂ ವಿರೋಧವಿದೆಯೇ?’ ಎಂದು ಅಧ್ಯಕ್ಷ ಪೀಠದಿಂದ ಕೇಳಿ, ಎರಡು ಕ್ಷಣ ಸುತ್ತ ನೋಡಿ, ‘ಸರಿ’ ಎಂದುಬಿಟ್ಟರೆ ಅದು ಕೇಳಿದಂತಾಗದು. ನಮ್ಮಲ್ಲಿ ಹಿರಿಯರು ಮೊದಲು ಮಾತನಾಡುವುದು ವಾಡಿಕೆ. ಹಿರಿಯರು ಒಂದು ಹೇಳಿದ ಮೇಲೆ ಇಪ್ಪತ್ತರ ಹುಡುಗನಾಗಲಿ, ಹಿಂದಿನ ಬೆಂಚಿನಲ್ಲಿ ಸೆರಗು ಹೊದ್ದು ಕುಳಿತ ತಾಯಂದಿರಾಗಲಿ ಬೇರೆ ಹೇಳುವುದು ಅವಿನಯವಾಗಿ ಕಾಣುತ್ತದೆ. ಕಿರಿಯರಿಂದ ಆರಂಭಿಸಿದರೆ ಆ ತೊಡಕಿಲ್ಲ. ಆಶ್ ಅವರ ಪ್ರಯೋಗದಲ್ಲಿಯೂ, ಉತ್ತರವನ್ನು ಗಟ್ಟಿಯಾಗಿ ಹೇಳದೆ ಚೀಟಿಯಲ್ಲಿ ಬರೆಯಲು ಬಿಟ್ಟಾಗ ತಪ್ಪುಗಳು ಬಹಳ ಕಡಿಮೆಯಾಗಿದ್ದುವು.

ಮುಂದಿನ ತಿಂಗಳು ಹೊಸ ಸಭಾಭವನದ ವಂತಿಗೆಯ ವಿಚಾರ ಸಮಿತಿಯ ಮುಂದೆ ಬರಲಿದೆಯೆಂದು ಕೇಳಿದ್ದೇನೆ. ಮೊದಲು ಎಲ್ಲರಿಗೂ ಚೀಟಿ ಹಂಚಿ, ಹೆಸರು ಬರೆಯದೆ ಅಭಿಪ್ರಾಯ ಬರೆಸಿ, ಅವನ್ನು ಗಟ್ಟಿಯಾಗಿ ಓದಿದ ಬಳಿಕವೇ ಚರ್ಚೆ ನಡೆಯಲೆಂದು ಗುರುಗಳಲ್ಲಿ ವಿನಂತಿಸಿಕೊಂಡಿದ್ದೇನೆ, ಅವರು ಸಮ್ಮತಿಸಿದ್ದಾರೆ. ಎಷ್ಟು ಮಂದಿ ಪರ, ಎಷ್ಟು ಮಂದಿ ವಿರೋಧ ಎಂಬುದನ್ನು ಈ ಬಾರಿಯ ಕಾರ್ಯದರ್ಶಿಗಳು ಅಂಕಿಗಳಲ್ಲಿಯೇ ಬರೆಯಬೇಕೆಂಬುದು ನನ್ನ ಕೋರಿಕೆ. ಅಂದು ಪಟ್ಟಿಯಲ್ಲಿ ಹೆಸರು ಓದಿಸಿಕೊಂಡ ಮನೆಯ ಯಜಮಾನರು ಈಗಿಲ್ಲ. ಅವರ ಮಗಳು ಇದೇ ತಾಲ್ಲೂಕಿನಲ್ಲಿದ್ದಾರೆ. ಕಳೆದ ಭಾನುವಾರ ನಾನು ಅವರ ಮನೆಗೆ ಹೋಗಿದ್ದೆ. ಕಾಫಿ ಕೊಟ್ಟರು, ಶತಮಾನೋತ್ಸವಕ್ಕೆ ಬರುತ್ತೇನೆಂದು ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಚೀಟಿಗಳಿಗೆ ಬೇಕಾದ ಪೆನ್ಸಿಲುಗಳನ್ನು ನಾನೇ ತರುತ್ತೇನೆ.